ಫೋನಿಗೆ ತಕ್ಕ ಸರ್ವರು

ಮೇಲ್ ಅನ್ನುವುದು ಸೈಬರ್ ಅಂಗಡಿಯ ಕಂಪ್ಯೂಟರಿನೊಳಗೇ ಇದ್ದಷ್ಟು ದಿನ ಅದಕ್ಕೆ ಯಾವ ರೋಗವೂ ಇರಲಿಲ್ಲ. ಹುಮನಾಬಾದ್‌ಗೆ ಹೋಗಿ, ಗಂಟೆಗಿಷ್ಟು ಎಂದು ದುಡ್ಡು ಕೊಟ್ಟು, ಪ್ಲೈವುಡ್ ಗೂಡಿನಲ್ಲಿ ಕೂತು ಯಾಹೂ ಇಲ್ಲವೇ ರೆಡಿಫ್ ತೆರೆದು ಓದಿ ಎದ್ದು ಬರುವುದು. ಕರೆಂಟ್ ಇದ್ದರೆ ಮೇಲ್ ಇದೆ, ಕರೆಂಟ್ ಹೋದರೆ ಮೇಲ್ ಇಲ್ಲ, ಅಷ್ಟೇ ಲೆಕ್ಕ. ಮೇಲ್ ಇಟ್ಟುಕೊಳ್ಳುವ ಸರ್ವರ್ ಬೇರೆ, ಅದನ್ನು ಓದುವ ಯಂತ್ರ ಬೇರೆ, ಇವೆರಡಕ್ಕೂ ಮಾತು ಕೂಡಿಬರಬೇಕು ಎಂಬ ವಿಚಾರವೇ ಯಾರ ತಲೆಗೂ ಬಂದಿರಲಿಲ್ಲ. ಜಗಳ ಹುಟ್ಟಿದ್ದು ಮೇಲ್ ಅಂಗಿಯ ಕಿಸೆಗೆ ಇಳಿದ ಮೇಲೆ.

ಆ ಜಗಳ ಬಿಡಿಸಿಯೇ ಹೊಟ್ಟೆ ಹೊರೆದವರಲ್ಲಿ ನಾನೂ ಒಬ್ಬ. ಮನೆ ಹಳ್ಳಿಖೇಡ (ಬಿ)ಯಲ್ಲಿ, ಅಂಗಡಿ ಹುಮನಾಬಾದ್‌ನಲ್ಲಿ, ಸರ್ವರು ಹೈದರಾಬಾದ್‌ನಲ್ಲಿ ಬಾಡಿಗೆಗೆ. ಗಿರಾಕಿಗಳೆಂದರೆ ತೊಗರಿಬೇಳೆ ಮಿಲ್ಲಿನವರು, ಲಾರಿ ಟ್ರಾನ್ಸ್‌ಪೋರ್ಟಿನವರು, ಬೀಜ-ಗೊಬ್ಬರದ ಅಂಗಡಿಯವರು, ಹುಮನಾಬಾದ್ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳಿಗೆ ಆಳು ಒದಗಿಸುವ ಗುತ್ತಿಗೆದಾರರು. ಇವರಿಗೆ ಮೇಲ್‌ನ ಹುಚ್ಚು ತಾನಾಗಿ ಹತ್ತಿದ್ದಲ್ಲ. ಆಗ 9, ಈಗ 65 ಅನ್ನಿಸಿಕೊಳ್ಳುವ ಹೆದ್ದಾರಿಯ ಎರಡೂ ತುದಿಯಿಂದ, ಅಂದರೆ ಹೈದರಾಬಾದ್‌ನಿಂದಲೂ ಸೊಲ್ಲಾಪುರ-ಪುಣೆಯಿಂದಲೂ, ಖರೀದಿದಾರರು ಫ್ಯಾಕ್ಸ್ ಬೇಡ, ಮೇಲ್ ಕಳಿಸಿ ಎನ್ನತೊಡಗಿದ್ದರು. ಅದರಲ್ಲೂ ಯಾಹೂ ವಿಳಾಸ ಕಂಡರೆ ಮೂಗು ಮುರಿಯುವವರಿದ್ದರು. ಮಿಲ್ಲಿನ ಹೆಸರೇ ಇರುವ ವಿಳಾಸವಿದ್ದರೆ ಪಾರ್ಟಿ ಗಟ್ಟಿ ಎಂದು ನಂಬಿಕೆ. ಆ ನಂಬಿಕೆಯನ್ನು ವರ್ಷಕ್ಕಿಷ್ಟು ಎಂದು ಮಾರುವುದು ನನ್ನ ವ್ಯಾಪಾರ.

2009ರ ಹೊತ್ತಿಗೆ ಸಾಹುಕಾರರ ಕೈಗೆ ನೋಕಿಯಾ ಇ63, ಇ71 ಬಂದವು. ಬೆರಳ ತುದಿಯಷ್ಟು ಚಿಕ್ಕ ಗುಂಡಿಗಳ ಪೂರ್ತಿ ಕೀಲಿಮಣೆ. ಒಂದು ಗುಂಡಿಯ ಮೇಲೆ ಲಕೋಟೆಯ ಚಿತ್ರ. ಆ ಲಕೋಟೆ ಒತ್ತಿದರೆ ಮೇಲ್ ಬರಬೇಕು ಎಂದು ಅಂಗಡಿಯವನು ಹೇಳಿ ಮಾರಿರುತ್ತಿದ್ದ. ಒತ್ತಿದರೆ ಬರುತ್ತಿದ್ದುದು ಪ್ರಶ್ನೆಗಳ ಸಾಲು: ಒಳಬರುವ ಸರ್ವರ್ ಯಾವುದು, ಹೊರಹೋಗುವ ಸರ್ವರ್ ಯಾವುದು, ಪಾಪ್ ಬೇಕೋ ಐಮ್ಯಾಪ್ ಬೇಕೋ, ಪೋರ್ಟ್ ಎಷ್ಟು, ಯಾವ ಆಕ್ಸೆಸ್ ಪಾಯಿಂಟ್. ಆ ಫೋನುಗಳು ನನ್ನ ಮೇಜಿಗೆ ಬಂದು ಸಾಲಾಗಿ ಕೂರುತ್ತಿದ್ದವು.

ಮೊದಲನೇ ಗಂಟು ಆಕ್ಸೆಸ್ ಪಾಯಿಂಟಿನದು. ಜಿಪಿಆರ್‌ಎಸ್ ಕಾಲದಲ್ಲಿ ಎಷ್ಟೋ ಕಂಪನಿಗಳು ಒಂದೇ ಸಿಮ್ಮಿಗೆ ಎರಡು ದಾರಿ ಇಡುತ್ತಿದ್ದವು. ಒಂದು ವ್ಯಾಪ್, ಇನ್ನೊಂದು ನಿಜವಾದ ಇಂಟರ್‌ನೆಟ್. ವ್ಯಾಪ್ ಅಗ್ಗ, ಆದರೆ ಅದು ಬ್ರೌಸರನ್ನು ಬಿಟ್ಟು ಬೇರೇನನ್ನೂ ಆಚೆ ಬಿಡುತ್ತಿರಲಿಲ್ಲ. ಫೋನಿನಲ್ಲಿ ಕ್ರಿಕೆಟ್ ಸ್ಕೋರ್ ತೆರೆಯುತ್ತದೆ, ಹಾಡಿನ ರಿಂಗ್‌ಟೋನ್ ಇಳಿಯುತ್ತದೆ, ಮೇಲ್ ಮಾತ್ರ ಬರುವುದಿಲ್ಲ. ಗಿರಾಕಿಯ ವಾದ ಸರಳ: ‘ನೆಟ್ ಚಾಲೂ ಅದ, ಅಂದ್ರ ನಿನ್ನ ಸರ್ವರೇ ಬಂದ್ ಬಿದ್ದದ.’ ಇದಕ್ಕೆ ಉತ್ತರ ಹೇಳುವುದಕ್ಕಿಂತ ಅವರ ಎದುರೇ ದಾರಿ ಬದಲಿಸಿ ಮೇಲ್ ತರಿಸಿ ತೋರಿಸುವುದು ಬೇಗ ಮುಗಿಯುತ್ತಿತ್ತು.

ಎರಡನೇ ಗಂಟು ನೋಡಲು ಇನ್ನೂ ಚಿಕ್ಕದು, ಬಿಡಿಸಲು ಇನ್ನೂ ಕಷ್ಟ. ಆ ನೋಕಿಯಾಗಳಲ್ಲಿ ಎಪಾಪ್ ಭದ್ರ ಲಾಗಿನ್ ಎಂಬ ಒಂದು ಆಯ್ಕೆ ಇತ್ತು. ಭದ್ರ ಎಂದು ಬರೆದಿದೆಯಲ್ಲ ಎಂದು ಜನ ಅದನ್ನು ಆನ್ ಮಾಡಿಬಿಡುತ್ತಿದ್ದರು. 1996ರ ಪಾಪ್ ನಿಯಮಾವಳಿಯಲ್ಲೇ ಇರುವ ವಿಧಾನ ಅದು: ಪಾಸ್‌ವರ್ಡನ್ನು ತಂತಿಯ ಮೇಲೆ ಕಳಿಸದೆ, ಸರ್ವರು ಕೊಟ್ಟ ಒಂದು ಗುರುತಿನ ಜೊತೆ ಸೇರಿಸಿ ಅರೆದ ಪುಡಿಯನ್ನಷ್ಟೇ ಕಳಿಸುವುದು. ಸರ್ವರೂ ತನ್ನ ಕಡೆ ಹಾಗೆಯೇ ಅರೆದು ತಾಳೆ ನೋಡಬೇಕು. ಅದಕ್ಕೆ ಸರ್ವರಿನಲ್ಲಿ ಅಸಲು ಪಾಸ್‌ವರ್ಡ್ ಬರೆದಿಟ್ಟಿರಬೇಕು. ಸರಿಯಾಗಿ ನಡೆಸುವ ಯಾವ ಸರ್ವರಿನಲ್ಲೂ ಅಸಲು ಪಾಸ್‌ವರ್ಡ್ ಇಡುವುದಿಲ್ಲ. ಹೀಗಾಗಿ ಭದ್ರ ಆಯ್ಕೆ ಒತ್ತಿದವರಿಗೆಲ್ಲ ‘ಪಾಸ್‌ವರ್ಡ್ ತಪ್ಪು’ ಎಂಬ ಉತ್ತರ. ಅವರು ಪಾಸ್‌ವರ್ಡ್ ಬದಲಿಸಿಕೊಂಡು, ಬದಲಿಸಿಕೊಂಡು, ಕೊನೆಗೆ ಯಾವುದು ಎಂದು ತಾವೇ ಮರೆತು ಬರುತ್ತಿದ್ದರು. ಈ ಗಂಟು ಯಾವ ಕೈಪಿಡಿಯಲ್ಲೂ ಇರಲಿಲ್ಲ. ಸರ್ವರಿನ ಲಾಗ್ ತೆರೆದು, ಫೋನು ಬಾಗಿಲು ತಟ್ಟಿದಾಗ ಏನಂದಿತು ಎಂದು ಸಾಲು ಸಾಲಾಗಿ ಓದಿದರೆ ಮಾತ್ರ ಗೊತ್ತಾಗುತ್ತಿತ್ತು.

ಪಾಪ್‌ನ ಇನ್ನೊಂದು ಗುಣವನ್ನು ಮಿಲ್ಲುಗಳು ದುಡ್ಡು ತೆತ್ತು ಕಲಿತವು. ಪಾಪ್ ಮೂಲತಃ ಒಬ್ಬ ಮನುಷ್ಯ, ಒಂದು ಕಂಪ್ಯೂಟರು ಎಂಬ ಲೆಕ್ಕದ್ದು. ಸರ್ವರಿನಿಂದ ಮೇಲ್ ಎತ್ತಿಕೊಂಡು ಅಲ್ಲಿಂದ ಅಳಿಸಿಬಿಡುವುದೇ ಅದರ ಹುಟ್ಟುಗುಣ. ಸಾಹುಕಾರರು ಬೆಳಗಿನ ಚಹಾದ ಹೊತ್ತಿಗೆ ಫೋನಿನಲ್ಲಿ ಮೇಲ್ ತರಿಸಿಕೊಂಡರೆ ಹತ್ತು ಗಂಟೆಗೆ ಗಾದಿಯ ಮೇಲೆ ಕೂತ ಮುನೀಮರ ಕಂಪ್ಯೂಟರಿಗೆ ಏನೂ ಬರುತ್ತಿರಲಿಲ್ಲ.

‘ಹೈದರಾಬಾದ್ ಪಾರ್ಟಿ ಆರ್ಡರ್ ಹಾಕೀವಿ ಅಂತಾರ, ಇಲ್ಲಿ ಮೇಲೇ ಇಲ್ರಿ’ ಎಂದು ಮುನೀಮರು.

‘ನನ್ನ ಫೋನಿನಾಗ ಅದಲ್ಲೋ ಕಾಕಾ, ಮುಂಜಾನಿನೇ ನೋಡೀನಿ’ ಎಂದು ಸಾಹುಕಾರರು.

‘ನೋಡಿದ್ರ ಆತೇನ್ರಿ? ನನಗ ಹೇಳಬೇಕಲ್ಲ.’

ಹೀಗೆ ಇಬ್ಬರೂ ನನ್ನ ಅಂಗಡಿಗೆ ಬಂದು, ನನ್ನನ್ನು ಬಿಟ್ಟು ತಮ್ಮತಮ್ಮಲ್ಲೇ ವಾದಿಸಿದ್ದೂ ಉಂಟು. ಸರ್ವರಿನಲ್ಲಿ ಪ್ರತಿ ಬಿಡು ಎಂಬ ಆಯ್ಕೆ ಒತ್ತಿದರೆ ಈ ಜಗಳ ತೀರುತ್ತದೆ. ಆದರೆ ಆಗ ಸರ್ವರಿನ ಪೆಟ್ಟಿಗೆ ತುಂಬಿ ಹೊಸ ಮೇಲ್ ವಾಪಸ್ ಹೋಗತೊಡಗುತ್ತದೆ. ಐಮ್ಯಾಪ್ ಇದಕ್ಕೆಂದೇ ಹುಟ್ಟಿದ್ದು. ಮಾರ್ಕ್ ಕ್ರಿಸ್ಪಿನ್ ಎಂಬಾತ 1986ರಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಕೂತು ಮಾಡಿದ ವ್ಯವಸ್ಥೆ: ಮೇಲ್ ಸರ್ವರಿನಲ್ಲೇ ಇರುತ್ತದೆ, ಎಷ್ಟು ಯಂತ್ರದಿಂದಾದರೂ ನೋಡು. ಆದರೆ ಐಮ್ಯಾಪ್‌ಗೆ ತಂತಿ ಕಡಿಯದಂತೆ ಇರಬೇಕು. ನಮ್ಮಲ್ಲಿ ಆಗ ಹತ್ತು ಕೆಬಿಗೆ ಹತ್ತು ಪೈಸೆಯ ಲೆಕ್ಕ. ಒಂದು ಎಂಬಿ ಅಂದರೆ ಹತ್ತು ರೂಪಾಯಿ ದಾಟುತ್ತದೆ. ಪುಣೆಯಿಂದ ಯಾರೋ ನಾಲ್ಕು ಎಂಬಿಯ ಎಕ್ಸೆಲ್ ಕಳಿಸಿದರೆ ನಲವತ್ತು ರೂಪಾಯಿಯ ಬ್ಯಾಲೆನ್ಸ್ ಹಾರಿ, ಆ ಫೈಲು ಆ ಫೋನಿನಲ್ಲಿ ತೆರೆಯುತ್ತಲೂ ಇರಲಿಲ್ಲ. ಆದ್ದರಿಂದ ತಲೆಬರಹ ಮಾತ್ರ ತರಿಸು ಎಂಬ ಆಯ್ಕೆ ಹಾಕಿ ಕೊಡುತ್ತಿದ್ದೆ. ಮೇಲ್ ಬಂತು ಎಂದು ಫೋನು ಹೇಳುತ್ತದೆ, ಏನು ಬಂತು ಎಂದು ಮುನೀಮರು ಹೇಳುತ್ತಾರೆ. ವ್ಯಾಪಾರಕ್ಕೆ ಅಷ್ಟು ಸಾಕಾಗಿತ್ತು.

ಇವೆಲ್ಲ ಫೋನಿನ ಕಡೆಯ ರಿಪೇರಿ. ಆ ಕಾಲದ ಅಸಲಿ ಮಜಾ ಸರ್ವರಿನ ಕಡೆ ಇತ್ತು. ಸರ್ವರು ನನ್ನ ಕೈಯೊಳಗಿತ್ತು, ಅದನ್ನು ಫೋನಿಗೆ ತಕ್ಕಂತೆ ಬಾಗಿಸಬಹುದಿತ್ತು. ಮೇಲ್ ಸಾಗಿಸುವ ಪೋಸ್ಟ್‌ಫಿಕ್ಸ್ ಎಂಬ ತಂತ್ರಾಂಶದಲ್ಲಿ ‘ಬ್ರೋಕನ್ ಸಾಸ್ಲ್ ಆತ್ ಕ್ಲೈಂಟ್ಸ್’ ಎಂಬ ಒಂದು ಸಾಲೇ ಇದೆ. ಕೆಲವು ಹಳೆಯ ಮೇಲ್ ಪ್ರೋಗ್ರಾಮುಗಳು ನಿಯಮಕ್ಕೆ ಬರುವ ಮೊದಲಿನ ಒಂದು ರೂಢಿಯನ್ನು ಹಿಡಿದುಕೊಂಡು, ಮಾತಿನ ನಡುವೆ ಒಂದು ಸಮ ಚಿಹ್ನೆ ಕಾಣದಿದ್ದರೆ ಲಾಗಿನ್ ಆಗುವುದಿಲ್ಲ ಎನ್ನುತ್ತಿದ್ದವು. ಸರ್ವರು ಮಾತನ್ನು ಎರಡು ಸಲ, ನಿಯಮದ ಪ್ರಕಾರ ಒಮ್ಮೆ, ಅವುಗಳ ಹಟಕ್ಕೆ ಒಮ್ಮೆ, ಹೇಳುವಂತೆ ಮಾಡುವ ಸಾಲು ಅದು. ಮೇಲ್ ಪೆಟ್ಟಿಗೆ ನೋಡಿಕೊಳ್ಳುವ ಡವ್‌ಕಾಟ್‌ನಲ್ಲೂ ಹಾಗೆ: ಔಟ್‌ಲುಕ್‌ನ ಈ ದೋಷಕ್ಕೆ ಹೊಂದಿಕೋ, ಥಂಡರ್‌ಬರ್ಡ್‌ನ ಆ ದೋಷಕ್ಕೆ ಹೊಂದಿಕೋ ಎಂದು ಹೆಸರು ಹಿಡಿದು ಬರೆಯುವ ಜಾಗ. ಫೋನಿನ ಕಂಪನಿ ತಪ್ಪು ಮಾಡಿದರೆ ತಿದ್ದುವವರು ಸರ್ವರಿನವರು. ಯಾರೂ ಇದನ್ನು ಅನ್ಯಾಯ ಎಂದುಕೊಂಡಿರಲಿಲ್ಲ.

ಇದಕ್ಕೊಂದು ಶಾಸ್ತ್ರವೇ ಇತ್ತು. ಇಂಟರ್‌ನೆಟ್ಟಿನ ನಿಯಮಗಳನ್ನು ಬರೆದವರಲ್ಲಿ ಹಿರಿಯನಾದ ಜಾನ್ ಪೋಸ್ಟೆಲ್ 1980ರಲ್ಲೇ ಹೇಳಿಬಿಟ್ಟಿದ್ದ: ನೀನು ಕಳಿಸುವಾಗ ಕಟ್ಟುನಿಟ್ಟಾಗಿರು, ಬೇರೆಯವರದನ್ನು ತೆಗೆದುಕೊಳ್ಳುವಾಗ ಉದಾರವಾಗಿರು ಎಂಬ ಅರ್ಥದಲ್ಲಿ. 1982ರಲ್ಲಿ ಮೇಲ್ ಸಾಗಿಸುವ ಎಸ್‌ಎಂಟಿಪಿ ನಿಯಮ ಬರೆದವನೂ ಅವನೇ. ಉದಾರತೆ ಇಲ್ಲದಿದ್ದರೆ ನಮ್ಮ ತಾಲ್ಲೂಕಿಗೆ ಮೇಲ್ ಬರುವುದೇ ಹತ್ತು ವರ್ಷ ತಡವಾಗುತ್ತಿತ್ತು. ಆದರೆ ಉದಾರತೆಯ ಸಾಲ ತೀರಿಸುವವರು ಬೇರೆ ಇರುತ್ತಾರೆ. ಪಾಸ್‌ವರ್ಡುಗಳು ಬೆತ್ತಲೆಯಾಗಿ ತಂತಿಯ ಮೇಲೆ ಓಡಾಡುತ್ತಿದ್ದವು, ಯಾಕೆಂದರೆ ಎಷ್ಟೋ ಫೋನುಗಳಿಗೆ ಗುಪ್ತಲಿಪಿ ಸರಿಯಾಗಿ ಬರುತ್ತಿರಲಿಲ್ಲ. ತನ್ನ ಗುರುತಿಗೆಂದು ಸರ್ವರು ತೋರಿಸುವ ಸರ್ಟಿಫಿಕೇಟು ದುಡ್ಡು ಕೊಟ್ಟು ಕೊಂಡದ್ದಲ್ಲ, ಮನೆಯಲ್ಲೇ ತಯಾರಿಸಿದ್ದು; ಅದನ್ನು ನೋಡಿದ ಫೋನು ಪ್ರತಿ ಸಲ ಅನುಮಾನಪಟ್ಟು ಕೇಳುತ್ತಿತ್ತು, ಮುಂದುವರಿಯಲೇ ಎಂದು. ಹೂಂ ಎಂದು ಒತ್ತಿ ಎಂದು ಹೇಳಿಕೊಡುವುದು ಊರೂರಿನ ಮೇಲ್‌ನವರ ವಾಡಿಕೆ. ಅನುಮಾನದ ಪ್ರಶ್ನೆಗೆ ಓದದೆ ಹೂಂ ಒತ್ತುವ ಅಭ್ಯಾಸ ಒಂದು ತಲೆಮಾರಿನ ಹೆಬ್ಬೆರಳಿಗೆ ಅಲ್ಲಿಂದಲೇ ಅಂಟಿತು ಎಂದು ನನ್ನ ಗುಮಾನಿ. ಆ ಕಾಲವನ್ನು ನೆನೆದು ಕಣ್ಣು ಒದ್ದೆ ಮಾಡಿಕೊಳ್ಳುವವರನ್ನು ಕಂಡರೆ ನನಗೆ ಆಗುವುದಿಲ್ಲ.

ಕನ್ನಡದ ಕತೆ ಬೇರೆ. ಇಲ್ಲಿ ಸರ್ವರು ಎಷ್ಟು ಬಾಗಿದರೂ ಉಪಯೋಗವಿರಲಿಲ್ಲ. ಕಚೇರಿ, ಶಾಲೆ, ವಕೀಲರ ಟೈಪಿಂಗ್ ಅಂಗಡಿ ಎಲ್ಲ ಕಡೆ ನುಡಿ ಇಲ್ಲವೇ ಬರಹ. ಎರಡರಲ್ಲೂ ಹಳೆಯ ಪದ್ಧತಿಯಲ್ಲಿ ಟೈಪ್ ಮಾಡಿದ್ದು ಯಂತ್ರದ ಲೆಕ್ಕದಲ್ಲಿ ಕನ್ನಡವೇ ಅಲ್ಲ. ಇಂಗ್ಲಿಷ್ ಅಕ್ಷರಗಳ ಜಾಗಕ್ಕೆ ಕನ್ನಡದ ತುಂಡುಗಳನ್ನು ಕೂರಿಸಿದ ಫಾಂಟು. ಆ ಫಾಂಟು ಇರುವ ಕಂಪ್ಯೂಟರಿನಲ್ಲಿ ಮಾತ್ರ ಅದು ಕನ್ನಡ. ಫೋನಿಗೆ ಬಂದರೆ ತಲೆಯ ಮೇಲೆ ಚುಕ್ಕೆ-ಗೆರೆ ಹೊತ್ತ ಯುರೋಪಿನ ಅಕ್ಷರಗಳ ಸಂತೆ. ‘ಯಾವ ದೇಶದಿಂದ ಬಂದದ್ರಿ ಇದು?’ ಎಂದು ಒಬ್ಬರು ಶಾಲೆಯ ಸುತ್ತೋಲೆಯನ್ನು ತೋರಿಸಿ ಕೇಳಿದ್ದರು. ಯೂನಿಕೋಡಿನಲ್ಲಿ ಸರಿಯಾಗಿ ಬರೆದು ಕಳಿಸಿದರೂ ಗತಿ ನೆಟ್ಟಗಿರಲಿಲ್ಲ: ಫೋನಿನಲ್ಲಿ ಕನ್ನಡದ ಅಕ್ಷರಗಳೇ ಇಲ್ಲವಾದ್ದರಿಂದ ಉದ್ದಕ್ಕೂ ಖಾಲಿ ಚೌಕಗಳು. ಮರಾಠಿ ಮೇಲ್ ತೋರಿಸುವ ಫೋನುಗಳೂ ಕನ್ನಡಕ್ಕೆ ಚೌಕ ತೋರಿಸುತ್ತಿದ್ದವು. ನಮ್ಮಂಥ ಗಡಿಯಲ್ಲಿ ಇದು ಸಣ್ಣ ಮಾತಲ್ಲ. ಕನ್ನಡ ಸಂಘದ ಕಾರ್ಯದರ್ಶಿಯೊಬ್ಬರು ಇದರಲ್ಲಿ ಪಿತೂರಿ ಕಂಡಿದ್ದರು. ಪಿತೂರಿ ಏನಿರಲಿಲ್ಲ, ಕನ್ನಡದ ಒತ್ತಕ್ಷರ ಕೂರಿಸುವ ಕೆಲಸವನ್ನು ಫೋನಿನೊಳಗೆ ಯಾರೂ ಮಾಡಿಟ್ಟಿರಲಿಲ್ಲ ಅಷ್ಟೇ. 2012ರಲ್ಲಿ ಆಂಡ್ರಾಯ್ಡ್ 4.1 ಬಂದಾಗ ತೆಲುಗು, ಮಲಯಾಳಗಳ ಜೊತೆ ಕನ್ನಡವೂ ಒಳಸೇರಿತು. ಅಲ್ಲಿಯವರೆಗೆ ನಮ್ಮ ಪರಿಹಾರ ಒಂದೇ: ಪ್ರಿಂಟ್ ತೆಗೆದು, ಸ್ಕ್ಯಾನ್ ಮಾಡಿ, ಚಿತ್ರವಾಗಿ ಕಳಿಸುವುದು. ವಾಟ್ಸಾಪ್‌ನಲ್ಲಿ ಸುತ್ತೋಲೆಯ ಫೋಟೊ ಹರಿದಾಡುವುದನ್ನು ಈಗ ನೋಡುವಾಗ ಆ ಪರಿಹಾರಕ್ಕೆ ಆಯುಷ್ಯ ಗಟ್ಟಿ ಅನ್ನಿಸುತ್ತದೆ.

ಇಲ್ಲೇ ಒಂದು ಅಡ್ಡಮಾತು. ನಮ್ಮ ಊರಿನ ಹೆಸರಿನಲ್ಲೇ ಒಂದು ತಾಂತ್ರಿಕ ತೊಂದರೆ ಇದೆ. ಮೇಲ್‌ನ ನಿಯಮದಲ್ಲಿ ವಿಳಾಸದ ಸಾಲಿನೊಳಗೆ ಕಂಸ ಬಂದರೆ ಅದು ಬರಿಯ ಟಿಪ್ಪಣಿ, ಓದುವ ಯಂತ್ರ ಅದನ್ನು ಬಿಟ್ಟುಬಿಡಬಹುದು. ಊರಿನ ಹೆಸರನ್ನು ಅಂಗಡಿಯ ಹೆಸರಿಗೆ ಸೇರಿಸಿಕೊಂಡವರ ಮೇಲ್ ಕೆಲವು ಫೋನುಗಳಲ್ಲಿ ಬರೀ ‘ಹಳ್ಳಿಖೇಡ’ ಎಂದು ಕಾಣುತ್ತಿತ್ತು. ಇದೇ ಜಿಲ್ಲೆಯಲ್ಲಿ ಹಳ್ಳಿಖೇಡ (ಕೆ) ಎಂಬ ಇನ್ನೊಂದು ಊರು ಇರುವಾಗ ಗೊಬ್ಬರದ ಲೋಡು ಎಲ್ಲಿಗೆ ಹೋಗಬೇಕು ಎಂಬುದು ತಮಾಷೆಯ ವಿಷಯವಲ್ಲ. ಪೂರ್ತಿ ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿದರೆ ಸರಿಹೋಗುತ್ತದೆ. ಯಾರ ಫೋನು ಬಂದರೂ ಮೊದಲು ಆ ಎರಡು ಚಿಹ್ನೆ ಹಾಕುವುದು ನನಗೆ ರೂಢಿಯಾಗಿತ್ತು.

ಆಂಡ್ರಾಯ್ಡ್ ಬಂದ ಮೇಲೆ ಒಂದಷ್ಟು ವರ್ಷ ಕೆಲಸ ಹಗುರಾಯಿತು. ಸೆಟ್ಟಿಂಗುಗಳನ್ನು ಫೋನು ತಾನೇ ಊಹಿಸತೊಡಗಿತು. 2008ರ ಜುಲೈಯಿಂದ ಐಫೋನಿಗೂ ಮುಂದಿನ ವರ್ಷ ಆಂಡ್ರಾಯ್ಡಿಗೂ ಮೈಕ್ರೋಸಾಫ್ಟಿನ ಆ್ಯಕ್ಟಿವ್‌ಸಿಂಕ್ ಭಾಷೆ ಬಂದಿದ್ದರಿಂದ ದೊಡ್ಡ ಕಂಪನಿಗಳ ಮೇಲ್ ಒಂದೇ ಪಟ್ಟಿಗೆ ಕೂರುತ್ತಿತ್ತು. ಕೈಗಾರಿಕಾ ಪ್ರದೇಶದ ಔಷಧ ಕಾರ್ಖಾನೆಗಳ ಮ್ಯಾನೇಜರುಗಳಿಗೆ ಅದು ಬೇಕಿತ್ತು, ನನ್ನ ಗಿರಾಕಿಗಳಿಗೆ ಬೇಕಿರಲಿಲ್ಲ.

2016ರ ಸೆಪ್ಟೆಂಬರ್ 5ರಂದು ಜಿಯೋ ಶುರುವಾಯಿತು. ಹತ್ತು ಪೈಸೆಯ ಲೆಕ್ಕ ಸತ್ತಿತು. ಬೇರೆ ಕಂಪನಿಗಳೂ ದರ ಇಳಿಸಿದವು, ಹಳ್ಳಿಖೇಡದ ಚಹಾದಂಗಡಿಯಲ್ಲೂ ಜನ ವಿಡಿಯೊ ನೋಡುತ್ತ ಕೂತರು. ಮೇಲ್‌ನ ರೋಗ ಮಾತ್ರ ರೂಪ ಬದಲಿಸಿತು. ಹೊಸ ರೋಗಗಳಲ್ಲಿ ನನ್ನ ತಲೆ ಅತಿ ಹೆಚ್ಚು ತಿಂದದ್ದು ಒಂದು: ದಿನವೂ ಬೆಳಿಗ್ಗೆ ಎಂಟು-ಎಂಟೂವರೆಗೆ ಹುಮನಾಬಾದಿನ ಅರ್ಧ ಗಿರಾಕಿಗಳಿಗೆ ಮೇಲ್ ಬಂದ್, ಒಂದು ಗಂಟೆಯಲ್ಲಿ ತಾನೇ ಸರಿ, ಮತ್ತೆ ಮಧ್ಯಾಹ್ನ ಬಂದ್. ಹೈದರಾಬಾದಿನಲ್ಲಿ ಕೂತವರಿಗೆ ಯಾವ ತೊಂದರೆಯೂ ಇಲ್ಲ. ವೈಫೈನಲ್ಲಿ ಬರುತ್ತದೆ, ಸಿಮ್ಮಿನಲ್ಲಿ ಬರುವುದಿಲ್ಲ. ‘ಸರ್, ಸರ್ವರಿಗೆ ನಮ್ಮೂರ ಮ್ಯಾಲೆ ಏನರೆ ಸಿಟ್ಟದೇನು?’ ಎಂದು ಒಬ್ಬ ಹುಡುಗ ಕೇಳಿದ. ಆಮೇಲೆ ನೋಡಿದರೆ ಅವನ ಮಾತು ನಿಜಕ್ಕೆ ಹತ್ತಿರವೇ ಇತ್ತು.

ಕಾರಣ ಹೀಗಿತ್ತು. ಹಳೆಯ ಥರದ ಐಪಿ ವಿಳಾಸಗಳು ಮುಗಿದುಹೋಗಿವೆಯಾದ್ದರಿಂದ ಮೊಬೈಲ್ ಕಂಪನಿಗಳು ಸಾವಿರಾರು ಫೋನುಗಳನ್ನು ಒಂದೇ ಹೊರವಿಳಾಸದ ಹಿಂದೆ ನಿಲ್ಲಿಸುತ್ತವೆ. ಊರೊಳಗಿನವರೆಲ್ಲ ಒಂದೇ ಅಗಸಿ ಬಾಗಿಲಿನಿಂದ ಹೊರಬಂದ ಹಾಗೆ. ಇತ್ತ ಸರ್ವರಿನಲ್ಲಿ ಫೇಲ್‌ಟುಬ್ಯಾನ್ ಎಂಬ ಕಾವಲುಗಾರ. ಒಂದೇ ವಿಳಾಸದಿಂದ ಹಲವು ಸಲ ತಪ್ಪು ಪಾಸ್‌ವರ್ಡ್ ಬಂದರೆ ಆ ವಿಳಾಸಕ್ಕೆ ಸ್ವಲ್ಪ ಹೊತ್ತು ಬಾಗಿಲು ಮುಚ್ಚುವುದು ಅದರ ಕೆಲಸ. ಒಂದು ಟ್ರಾನ್ಸ್‌ಪೋರ್ಟಿನಲ್ಲಿ ಕೆಲಸ ಬಿಟ್ಟು ಹೋದ ಹುಡುಗನ ಫೋನಿನಲ್ಲಿ ಅಂಗಡಿಯ ಮೇಲ್ ಹಾಗೇ ಉಳಿದಿತ್ತು. ಮಾಲೀಕರು ಪಾಸ್‌ವರ್ಡ್ ಬದಲಿಸಿದ್ದರು. ಆ ಫೋನು ಪಾಪ, ಹಳೆಯ ಪಾಸ್‌ವರ್ಡ್ ಹಿಡಿದು ಸ್ವಲ್ಪ ಸ್ವಲ್ಪ ಹೊತ್ತಿಗೆ ಬಾಗಿಲು ತಟ್ಟುತ್ತಲೇ ಇತ್ತು. ಹುಡುಗ ಬೆಳಿಗ್ಗೆ ಎದ್ದು ಡೇಟಾ ಆನ್ ಮಾಡಿದೊಡನೆ ಕಾವಲುಗಾರ ಎಚ್ಚರಾಗಿ ಅಗಸಿಗೇ ಬೀಗ ಜಡಿಯುತ್ತಿದ್ದ. ಅದರ ಹಿಂದಿದ್ದ ಮಿಲ್ಲು, ಗೊಬ್ಬರದಂಗಡಿ, ವಕೀಲರು ಎಲ್ಲರೂ ಹೊರಗೆ. ಹುಡುಗನಿಗೆ ಫೋನ್ ಮಾಡಿ ಆ ಅಕೌಂಟ್ ತೆಗೆಸಿದೆವು. ಆಮೇಲೆ ಕಾವಲುಗಾರನ ಪಟ್ಟಿಯಲ್ಲಿ ವಿಳಾಸದ ಬದಲು ವಿಳಾಸ ಮತ್ತು ಹೆಸರು ಎರಡನ್ನೂ ಸೇರಿಸಿ ಲೆಕ್ಕ ಹಿಡಿಯುವಂತೆ ಬರೆದೆ.

ಅದೇ ವರ್ಷಗಳಲ್ಲಿ ಐಪಿವಿ6 ಗೊಂದಲವೂ ಬಂತು. ಹೊಸ ಜಾಲಗಳಲ್ಲಿ ಫೋನು ಮೊದಲು ಹೊಸ ಥರದ ಉದ್ದ ವಿಳಾಸವನ್ನೇ ಹುಡುಕುತ್ತದೆ. ಸರ್ವರಿನ ಹೆಸರಿಗೆ ಉದ್ದ ವಿಳಾಸ ಬರೆದಿದ್ದು, ಆದರೆ ಆ ಬಾಗಿಲ ಅಗಳಿ ತೆಗೆದಿರದಿದ್ದರೆ ಫೋನು ಅಲ್ಲೇ ಕಾದು ಕಾದು ಸುಸ್ತಾಗುತ್ತದೆ. ಕಂಪ್ಯೂಟರಿನಲ್ಲಿ ಎಲ್ಲ ಸರಿ. ಇಂಥದನ್ನು ಪತ್ತೆ ಹಚ್ಚಲು ಗಿರಾಕಿಯ ಫೋನೇ ಬೇಕು, ಅಂಗಡಿಯಲ್ಲಿ ಕೂತು ಊಹಿಸಿದರೆ ಆಗದು.

ಚೀನಾ ಫೋನುಗಳು ಇನ್ನೊಂದು ಥರ ಸತಾಯಿಸಿದವು. 2015ರ ಆಂಡ್ರಾಯ್ಡ್ 6ರಿಂದ ಫೋನು ಸುಮ್ಮನೆ ಬಿದ್ದಿದ್ದರೆ ಹಿಂದಿನ ಕೆಲಸಗಳನ್ನೆಲ್ಲ ಮಲಗಿಸುವ ಪದ್ಧತಿ ಬಂತು. ಅದರ ಮೇಲೆ ಕಂಪನಿಗಳು ಬ್ಯಾಟರಿ ಉಳಿಸಲು ತಮ್ಮದೇ ಕತ್ತರಿ ಹಾಕಿದವು. ಮೇಲ್ ಆ್ಯಪ್ ಸತ್ತು ಬಿದ್ದಿರುತ್ತದೆ. ತೆರೆದಾಗ ಎದ್ದು ಎರಡು ದಿನದ ಮೇಲ್ ಒಟ್ಟಿಗೆ ಸುರಿಯುತ್ತದೆ. ಸರ್ವರಿನ ಲಾಗಿನಲ್ಲಿ ಏನೂ ಇರುವುದಿಲ್ಲ, ಯಾಕೆಂದರೆ ಫೋನು ಬಾಗಿಲಿಗೇ ಬಂದಿರುವುದಿಲ್ಲ. ಆಟೊಸ್ಟಾರ್ಟ್ ಎಂಬ ಆಯ್ಕೆಯನ್ನು ಒಂದೊಂದು ಕಂಪನಿ ಒಂದೊಂದು ಮೂಲೆಯಲ್ಲಿ ಬಚ್ಚಿಡುತ್ತದೆ.

ಇಷ್ಟು ಹೊತ್ತೂ ಸರ್ವರು ಬಾಗುತ್ತಲೇ ಇತ್ತು. ಅದು ಬಾಗುವುದನ್ನು ನಿಲ್ಲಿಸಿದ ಕಾಲವನ್ನು ಹೇಳಲು ಬರುತ್ತದೆ. 2021ರ ಮಾರ್ಚಿನಲ್ಲಿ ಟಿಎಲ್‌ಎಸ್‌ನ 1.0 ಮತ್ತು 1.1 ಎಂಬ ಹಳೆಯ ಗುಪ್ತಲಿಪಿಗಳನ್ನು ಬಳಸಬಾರದೆಂದು ನಿಯಮ ಬರೆಯುವವರು ಅಧಿಕೃತವಾಗಿ ಹೇಳಿದರು. ಆಂಡ್ರಾಯ್ಡ್ 4.1ರ ಫೋನುಗಳಿಗೆ 1.2 ಗೊತ್ತಿದ್ದರೂ ಅದು ಸಹಜವಾಗಿ ಆನ್ ಆಗಿರಲಿಲ್ಲ. 5ರಿಂದ ಮಾತ್ರ ಆಗಿತ್ತು. ಅದೇ ವರ್ಷ ಸೆಪ್ಟೆಂಬರ್ 30ರಂದು ಒಂದು ಹಳೆಯ ಮೂಲ ಸರ್ಟಿಫಿಕೇಟಿನ ಅವಧಿ ಮುಗಿಯಿತು. ಪುಕ್ಕಟೆಯಾಗಿ ಸರ್ಟಿಫಿಕೇಟು ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ತನ್ನ ನಂಬಿಕೆಯನ್ನು ಅದರ ಮೇಲೆ ಕಟ್ಟಿತ್ತು, ನಮ್ಮಂಥ ಸಣ್ಣ ಸರ್ವರುಗಳು ಅದರ ಮೇಲೆ ಕಟ್ಟಿದ್ದವು. ಐಒಎಸ್ 9ರಲ್ಲೇ ನಿಂತ ಐಫೋನ್ 4ಎಸ್‌ನಂಥವು ಅಂದೇ ಮುನಿಸಿಕೊಂಡವು. ಹಳೆಯ ಆಂಡ್ರಾಯ್ಡುಗಳಿಗೆ ಅವರು ಒಂದು ಸೇತುವೆ ಕಟ್ಟಿಕೊಟ್ಟಿದ್ದರು. 2024ರ ಸೆಪ್ಟೆಂಬರ್ 30ಕ್ಕೆ ಅದರ ಅವಧಿಯೂ ತೀರಿತು, 7.1ಕ್ಕಿಂತ ಹಿಂದಿನ ಫೋನುಗಳಿಗೆ ನಮ್ಮ ಸರ್ವರು ಅಪರಿಚಿತವಾಯಿತು.

ಬೆಂಗಳೂರಿನಲ್ಲಿ ಕೂತವರಿಗೆ ಇದು ಸುದ್ದಿಯಲ್ಲ. ಅಲ್ಲಿ ಫೋನು ಮೂರು ವರ್ಷಕ್ಕೆ ಹೊಸದಾಗುತ್ತದೆ. ಇಲ್ಲಿ ಮಗ ಹೈದರಾಬಾದಿನಲ್ಲಿ ಹೊಸ ಫೋನು ಕೊಂಡರೆ ಹಳೆಯದು ತಂದೆಗೆ, ತಂದೆಯದು ಮುನೀಮರಿಗೆ, ಮುನೀಮರದು ಗೋದಾಮಿನ ಹುಡುಗನಿಗೆ. ಬ್ಯಾಟರಿ ಸತ್ತು ತೆಗೆದು ಹಾಕಿದಾಗ ದಿನಾಂಕ ಹಿಂದಿನ ಯಾವುದೋ ವರ್ಷಕ್ಕೆ ಜಾರಿ, ಸರ್ಟಿಫಿಕೇಟು ಇನ್ನೂ ಹುಟ್ಟೇ ಇಲ್ಲ ಎಂದು ಫೋನು ನಿರಾಕರಿಸುವುದೂ ಇಂಥ ಕೈಗಳಲ್ಲೇ. ಹೊಂದಾಣಿಕೆಯ ತೊಂದರೆ ಎಂದು ತಂತ್ರಜ್ಞರು ಕರೆಯುವುದು ಬಹುಪಾಲು ಫೋನಿನ ವಯಸ್ಸಿನ ತೊಂದರೆ, ಫೋನಿನ ವಯಸ್ಸು ಕಿಸೆಯ ತೊಂದರೆ. ಮೊದಲು ಆ ಖರ್ಚನ್ನು ಸರ್ವರಿನವನು ಹೊರುತ್ತಿದ್ದ, ರಾತ್ರಿ ಕೂತು ಒಂದು ಸಾಲು ಬರೆದು. ಈಗ ಗೋದಾಮಿನ ಹುಡುಗ ಹೊರುತ್ತಾನೆ. ಇದರಿಂದ ಮೇಲ್ ಹೆಚ್ಚು ಭದ್ರವಾಗಿದೆ ಎಂಬುದೂ ಅಷ್ಟೇ ನಿಜ; ಬೆತ್ತಲೆ ಪಾಸ್‌ವರ್ಡಿನ ಕಾಲಕ್ಕೆ ಮರಳು ಎಂದು ಯಾರಾದರೂ ದುಡ್ಡು ಕೊಟ್ಟರೂ ನಾನು ಮರಳುವವನಲ್ಲ. 2023ರಲ್ಲಿ ಪೋಸ್ಟೆಲ್‌ನ ಉದಾರತೆಯ ಸೂತ್ರವನ್ನೇ ಮರುವಿಚಾರಿಸಿ, ಎಲ್ಲ ತಪ್ಪನ್ನೂ ಸಹಿಸುತ್ತ ಹೋದರೆ ತಪ್ಪೇ ನಿಯಮವಾಗಿಬಿಡುತ್ತದೆ ಎಂಬ ಧಾಟಿಯ ದಸ್ತಾವೇಜು ಹೊರಬಂತು. ಓದಿದಾಗ ತಲೆದೂಗಿದೆ. ಆದರೆ ಬರೆದವರ ಎದುರು ಗೋದಾಮಿನ ಹುಡುಗ ಫೋನು ಹಿಡಿದು ನಿಂತಿರಲಿಲ್ಲ.

ಗಿರಾಕಿಗಳಲ್ಲಿ ಮುಕ್ಕಾಲು ಜನ ಈಗ ದೊಡ್ಡ ಕಂಪನಿಗಳ ಸರ್ವರಿಗೆ ಹೋಗಿದ್ದಾರೆ, ನಾನೇ ಕಳಿಸಿಕೊಟ್ಟೆ. ಅಲ್ಲಿ ಬಾಗಿಸಲು ಏನೂ ಇಲ್ಲ. 2022ರ ಮೇ 30ರಿಂದ ಜಿಮೇಲ್ ಬರೀ ಹೆಸರು-ಪಾಸ್‌ವರ್ಡ್ ಹೇಳುವ ಹಳೆಯ ಆ್ಯಪ್‌ಗಳಿಗೆ ಬಾಗಿಲು ಹಾಕಿತು. ಅದೇ ವರ್ಷದ ಅಕ್ಟೋಬರ್ 1ರಿಂದ ಮೈಕ್ರೋಸಾಫ್ಟಿನ ಎಕ್ಸ್‌ಚೇಂಜ್ ಆನ್‌ಲೈನ್ ಕೂಡ ಮುಚ್ಚತೊಡಗಿತು. ಜಿಮೇಲ್‌ನಲ್ಲಿ ಹದಿನಾರು ಅಕ್ಷರದ ಆ್ಯಪ್ ಪಾಸ್‌ವರ್ಡ್ ಎಂಬ ಒಂದು ಕಿಂಡಿ ಇದೆ, ಅದಕ್ಕೆ ಮೊದಲು ಎರಡು ಹಂತದ ದೃಢೀಕರಣ ಬೇಕು, ಅದಕ್ಕೆ ಸಾಮಾನ್ಯವಾಗಿ ಚಾಲೂ ಇರುವ ಒಂದು ನಂಬರ್ ಬೇಕು. ಈ ನಂಬರಿನಲ್ಲೇ ಈಗಿನ ರೋಗವೆಲ್ಲ ಕೂತಿದೆ.

2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ಅದಕ್ಕೆ ನೋಂದಾಯಿಸುವ ಪ್ರತಿ ವ್ಯಾಪಾರಿಗೂ ಮೇಲ್ ವಿಳಾಸ, ಮೊಬೈಲ್ ನಂಬರ್ ಕಡ್ಡಾಯವಾಯಿತು. ಎಷ್ಟೋ ಜನರಿಗೆ ಲೆಕ್ಕಪತ್ರ ನೋಡುವವರೇ ತಮ್ಮ ಕಚೇರಿಯಲ್ಲಿ ಕೂತು ಒಂದು ವಿಳಾಸ ಹುಟ್ಟಿಸಿದರು. ಅದೇ ಹೊತ್ತಿಗೆ ಹಳ್ಳಿಖೇಡದಲ್ಲಿ ಆನ್‌ಲೈನ್ ಅಂಗಡಿಗಳು ಎದ್ದವು: ಪಹಣಿ, ವಿದ್ಯಾರ್ಥಿವೇತನ, ರೈಲಿನ ಟಿಕೆಟು, ಮುಂದೆ ಕಿಸಾನ್ ಸಮ್ಮಾನ್. ಹೊಸ ಫೋನಿನಲ್ಲಿ ಪ್ಲೇ ಸ್ಟೋರ್ ತೆರೆಯಲು ಜಿಮೇಲ್ ಕೇಳುತ್ತದೆ. ಹಳೆಯದರ ಪಾಸ್‌ವರ್ಡ್ ಯಾರಿಗೂ ನೆನಪಿಲ್ಲ, ಅಂಗಡಿಯವನು ಹೊಸದೊಂದು ಮಾಡಿಕೊಡುತ್ತಾನೆ. ಫೋನಿಗೊಂದು ಜಿಮೇಲ್. ಹಳೆಯ ಜಿಮೇಲ್‌ನ ನಂಬರು ರೀಚಾರ್ಜ್ ಇಲ್ಲದೆ ಬೇರೆ ಯಾರಿಗೋ ಹೋಗಿದೆ. ಬ್ಯಾಂಕಿನವರು, ವಿಮೆಯವರು, ತೆರಿಗೆಯವರು ಆ ಹಳೆಯದಕ್ಕೇ ಬರೆಯುತ್ತಿರುತ್ತಾರೆ. ಸರ್ವರು ಸರಿ ಇದೆ, ಫೋನು ಸರಿ ಇದೆ, ಎರಡಕ್ಕೂ ಮಾತು ಚೆನ್ನಾಗಿ ಕೂಡಿದೆ. ಮೇಲ್ ಮಾತ್ರ ಮನುಷ್ಯನಿಗೆ ಸಿಗುವುದಿಲ್ಲ.

‘ಮೇಲ್ ಐಡಿ ಯಾವುದ್ರಿ ಕಾಕಾ?’

‘ಅದು ನನಗೇನು ಗೊತ್ತೋ ತಮ್ಮಾ. ಆನ್‌ಲೈನಿನವ ಬರದು ಕೊಟ್ಟಾನ, ಚೀಟಿ ಮನ್ಯಾಗ ಅದ.’

ಚೀಟಿ ತರಿಸಿದರೆ ಅದರ ಮೇಲೆ ಹೆಸರು, ಆಮೇಲೆ ಒಂದು ಎರಡು ಮೂರು. ಊರಿನ ಅರ್ಧ ಪಾಸ್‌ವರ್ಡುಗಳು ಹೀಗೇ ಇವೆ, ಯಾವ ಟಿಎಲ್‌ಎಸ್ ಬಂದರೂ ಇವನ್ನು ಕಾಯಲಾರದು. ಮೊದಲೆಲ್ಲ ನಾನು ಲಾಗ್ ಓದುತ್ತಿದ್ದೆ, ಈಗ ಓಟಿಪಿ ಬಂತೇ ಎಂದು ಕೇಳುತ್ತ ಕೂರುತ್ತೇನೆ. ಲಾಗ್ ಓದುವುದರಲ್ಲಿ ಕಲಿಯಲು ಏನಾದರೂ ಇತ್ತು.

ಹೈದರಾಬಾದಿನ ಬಾಡಿಗೆ ಸರ್ವರನ್ನು ನಾನಿನ್ನೂ ಬಿಟ್ಟಿಲ್ಲ. ಅದರ ಮೇಲೆ ಉಳಿದ ಹಟಮಾರಿ ಗಿರಾಕಿ ಫೋನಲ್ಲ, ಲಾರಿ ತೂಗುವ ಒಂದು ಕಾಟಾ. ಅದಕ್ಕೆ ಜೋಡಿಸಿದ ಕಂಪ್ಯೂಟರು ವಿಂಡೋಸ್ ಎಕ್ಸ್‌ಪಿಯದು, ತೂಕದ ಚೀಟಿಯನ್ನು ಮಾಲೀಕರಿಗೆ ಮೇಲ್ ಮಾಡುವ ಪ್ರೋಗ್ರಾಮು ಬರೆದವನು ಈಗ ಎಲ್ಲಿದ್ದಾನೋ ತಿಳಿಯದು, ಅದಕ್ಕೆ ಹೊಸ ಗುಪ್ತಲಿಪಿ ಬಾರದು. ಸರ್ವರಿನಲ್ಲಿ ಹಳೆಯ ಬಾಗಿಲು ತೆರೆಯುವಂತಿಲ್ಲ. ಅಂಗೈ ಅಗಲದ ಒಂದು ಪುಟ್ಟ ಕಂಪ್ಯೂಟರನ್ನು ಕಾಟಾದ ಕೋಣೆಯಲ್ಲೇ ಇಟ್ಟು ಅದರಲ್ಲಿ ಪೋಸ್ಟ್‌ಫಿಕ್ಸ್ ಹಾಕಿದ್ದೇನೆ. ಎಕ್ಸ್‌ಪಿ ತನ್ನ ಹಳೆಯ ಧಾಟಿಯಲ್ಲಿ ಅದಕ್ಕೆ ಹೇಳುತ್ತದೆ, ಗೋಡೆಯಾಚೆಗೆ ಆ ಮಾತು ಹೋಗುವುದಿಲ್ಲ. ಪುಟ್ಟ ಕಂಪ್ಯೂಟರು ಅದನ್ನು ಹೊಸ ಧಾಟಿಯಲ್ಲಿ 587ನೇ ಪೋರ್ಟಿನಿಂದ ಹೈದರಾಬಾದಿಗೆ ದಾಟಿಸುತ್ತದೆ. ಧೂಳಿಗೆ ಅದರ ಮೇಲೊಂದು ಪ್ಲಾಸ್ಟಿಕ್ ಡಬ್ಬಿ ಮುಚ್ಚಿದೆ. ಬರುವ ಸುಗ್ಗಿಗೆ ಹೊಸ ಕಂಪ್ಯೂಟರ್ ತರಿಸುತ್ತೇನೆ ಎಂದು ಮಾಲೀಕರು ಹೇಳಿದ್ದಾರೆ. ಹೋದ ಸುಗ್ಗಿಗೂ ಹಾಗೇ ಹೇಳಿದ್ದರು.